‘ಮೈಸೂರು’ ಹಡಗಿನ ಬಾಯ್ಲರ್ ರೂಮಿನಿಂದ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಉತ್ಸವ ಸಮಿತಿಯವರು ಮನೆಗೆ ಬಂದು, “ಕಾಕಾ, ನಮ್ಮ ಶಾಲೆಯಿಂದ ನೌಕಾಪಡೆಗೆ ಹೋದವರು ನೀವು. ಮಕ್ಕಳಿಗೆ ಏನಾದರೂ ಹೇಳ್ರಿ” ಅಂದರು. ನಾನು ಅಧಿಕಾರಿಯಾಗಿದ್ದವನಲ್ಲ, ತೋಪು ಹಾರಿಸಿದವನೂ ಅಲ್ಲ. ಹಡಗಿನ ತಳದಲ್ಲಿ ಬಾಯ್ಲರ್ ಕಾಯುತ್ತಿದ್ದವನು. ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತವರಿಗೆ ಪಡಸಾಲೆಯ ಮಾತು ಎಷ್ಟು ಕೇಳುತ್ತದೆಯೋ, ನನಗೆ ಯುದ್ಧನೌಕೆಯ ಸುದ್ದಿ ಅಷ್ಟೇ ಗೊತ್ತು. ಆದರೂ ಆ ಹಡಗಿನ ಬಗ್ಗೆ ಹೇಳಲೇಬೇಕೆಂದು ಬಂದಿದ್ದೇನೆ. ಅದರ ಹೆಸರು ಐ.ಎನ್.ಎಸ್. ಮೈಸೂರು.

ನಮ್ಮ ಔರಾದ ತಾಲ್ಲೂಕಿನ ಮಕ್ಕಳಿಗೆ ವಿಮಾನದ ಸದ್ದು ಹೊಸದಲ್ಲ. ಬೀದರಿನ ವಾಯುಪಡೆ ನೆಲೆಯಿಂದ ಏಳುವ ತರಬೇತಿ ವಿಮಾನಗಳನ್ನು ಹೊಲದಲ್ಲಿ ನಿಂತೇ ನೋಡುತ್ತೀರಿ. ಸಮುದ್ರ ಹಾಗಲ್ಲ. ನಾನು ಹತ್ತನೆಯ ತರಗತಿ ಮುಗಿಸುವವರೆಗೆ ನೋಡಿದ ದೊಡ್ಡ ನೀರು ಅಂದರೆ ಮಳೆಗಾಲದ ಮಾಂಜ್ರಾ ನದಿ. ಅಂಥವನು ಹಡಗಿಗೆ ಹೋದದ್ದು ಶೌರ್ಯಕ್ಕಲ್ಲ, ಹೊಟ್ಟೆಗೆ. 1972ರ ಬರಗಾಲ ಹಿರಿಯರಿಗೆಲ್ಲ ನೆನಪಿದೆ. ನಮ್ಮ ಅಪ್ಪ ಬರ ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಒಡೆದರು. ಎರಡು ಎತ್ತಿನಲ್ಲಿ ಒಂದನ್ನು ಮಾರಿದೆವು, ಇನ್ನೊಂದು ಸತ್ತಿತು. 1974ರಲ್ಲಿ ಎಸ್.ಎಸ್.ಎಲ್.ಸಿ. ಪಾಸಾದೆ. ನೌಕಾಪಡೆಗೆ ಆಯ್ಕೆಯಾದ ಕಾಗದ ಬಂದಾಗ ಅವ್ವ ಕೇಳಿದ್ದು ಒಂದೇ ಮಾತು: “ಅಲ್ಲಿ ಕುಡಿಯಾಕ ನೀರು ಸಿಗತದೇನಪಾ?” ಸುತ್ತಲೂ ನೀರೇ ಇರುತ್ತದೆ ಎಂದು ನಾನು ನಕ್ಕೆ. ಅವ್ವನ ಪ್ರಶ್ನೆಯೇ ಸರಿಯಾಗಿತ್ತು ಎಂದು ಆಮೇಲೆ ತಿಳಿಯಿತು.

ಭಾಲ್ಕಿ ಸ್ಟೇಶನ್ನಿನಲ್ಲಿ ಅಪ್ಪ ರೈಲು ಹತ್ತಿಸಿದರು. ಕಲ್ಲಿದ್ದಲಿನ ಎಂಜಿನ್. ಉಗಿಯ ಶಕ್ತಿಯನ್ನು ನಾನು ಹತ್ತಿರದಿಂದ ಕಂಡದ್ದು ಅಂದೇ. ಮುಂದೆ ನನ್ನ ಅನ್ನವೇ ಉಗಿಯಿಂದ ಬರುತ್ತದೆಂದು ಆಗ ಗೊತ್ತಿರಲಿಲ್ಲ. ಲೋಣಾವಳದಲ್ಲಿ ಐ.ಎನ್.ಎಸ್. ಶಿವಾಜಿ ಎಂಬ ನೌಕಾಪಡೆಯ ಎಂಜಿನಿಯರಿಂಗ್ ಶಾಲೆ ಇದೆ. ಅಲ್ಲಿ ತರಬೇತಿಯಾಯಿತು. ಮಳೆಯನ್ನೇ ಕಾಣದ ಊರಿನವನು ತಿಂಗಳುಗಟ್ಟಲೆ ಮಳೆ ಸುರಿಯುವ ಊರಿನಲ್ಲಿ ಬಾಯ್ಲರ್ ಪಾಠ ಕಲಿತೆ. 1977ರಲ್ಲಿ ನನ್ನನ್ನು ಮೈಸೂರು ಹಡಗಿಗೆ ಹಾಕಿದರು.

ಆ ಹಡಗಿನ ಹಿಂದಿನ ಕಥೆ ಕೇಳಿರಿ. ಅದು ಹುಟ್ಟಿದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ, ಟೈನ್ ನದಿಯ ದಂಡೆಯ ಮೇಲೆ. ಕಟ್ಟಿದವರು ವಿಕರ್ಸ್ ಆರ್ಮ್‌ಸ್ಟ್ರಾಂಗ್ ಕಂಪನಿಯವರು. 1939ರ ಜುಲೈಯಲ್ಲಿ ನೀರಿಗಿಳಿಯಿತು, 1940ರ ಸೆಪ್ಟೆಂಬರಿನಲ್ಲಿ ಸೇವೆಗೆ ಸೇರಿತು. ಆಗಿನ ಹೆಸರು ಎಚ್.ಎಂ.ಎಸ್. ನೈಜೀರಿಯಾ. ಕ್ರೂಸರ್ ಜಾತಿಯ ಹಡಗು. ಉದ್ದ 169 ಮೀಟರ್. ಮಕ್ಕಳಿಗೆ ಅರ್ಥವಾಗುವಂತೆ ಹೇಳುವುದಾದರೆ, ಕಬಡ್ಡಿ ಅಂಕಣ 13 ಮೀಟರ್ ಉದ್ದ ಇರುತ್ತದೆ. ಅಂಥ ಹದಿಮೂರು ಅಂಕಣಗಳನ್ನು ಸಾಲಾಗಿ ಇಟ್ಟರೆ ಆ ಹಡಗು. ನಾಲ್ಕು ಬಾಯ್ಲರು, ನಾಲ್ಕು ಟರ್ಬೈನು, ನಾಲ್ಕು ಪಂಖ. ಒಟ್ಟು 70 ಸಾವಿರಕ್ಕೂ ಮೇಲೆ ಅಶ್ವಶಕ್ತಿ. ನಮ್ಮ ಹೊಲಗಳಲ್ಲಿ ಓಡಾಡುವ 40 ಅಶ್ವಶಕ್ತಿಯ ಟ್ರ್ಯಾಕ್ಟರುಗಳನ್ನು 1,750ಕ್ಕಿಂತ ಹೆಚ್ಚು ಕಟ್ಟಿ ಎಳೆಸಿದಂತೆ.

ಎರಡನೆಯ ಮಹಾಯುದ್ಧದಲ್ಲಿ ಅದು ಸುಮ್ಮನೆ ಕೂರಲಿಲ್ಲ. 1941ರ ಜೂನ್‌ನಲ್ಲಿ ಉತ್ತರ ಸಮುದ್ರದಾಚೆ ಜರ್ಮನಿಯ ‘ಲಾವೆನ್‌ಬುರ್ಗ್’ ಎಂಬ ಹವಾಮಾನ ವರದಿಯ ಹಡಗನ್ನು ಹಿಡಿದ ಗುಂಪಿನಲ್ಲಿ ನೈಜೀರಿಯಾ ಇತ್ತು. ಅಲ್ಲಿ ಸಿಕ್ಕ ಗುಪ್ತ ಸಂಕೇತದ ಕಾಗದಗಳು ಜರ್ಮನ್ನರ ಸಂದೇಶ ಓದುವವರಿಗೆ ಬಹಳ ಉಪಯೋಗವಾದವು. ಮರುವರ್ಷ, 1942ರ ಆಗಸ್ಟ್ 12ರಂದು, ಹಸಿವಿನಿಂದ ಕಂಗಾಲಾಗಿದ್ದ ಮಾಲ್ಟಾ ದ್ವೀಪಕ್ಕೆ ಸಾಮಾನು ಒಯ್ಯುವ ಹಡಗುಗಳಿಗೆ ಕಾವಲಾಗಿ ಹೋಗುವಾಗ ಇಟಲಿಯ ‘ಅಕ್ಸುಮ್’ ಎಂಬ ಜಲಾಂತರ್ಗಾಮಿ ನಾಲ್ಕು ಟಾರ್ಪೆಡೊ ಬಿಟ್ಟಿತು. ಒಂದೇ ಹೊಡೆತಕ್ಕೆ ಮೂರು ಹಡಗುಗಳಿಗೆ ಪೆಟ್ಟು ಬಿತ್ತು. ‘ಕೈರೋ’ ಉಳಿಯಲಿಲ್ಲ. ‘ಒಹಾಯೊ’ ಎಂಬ ಎಣ್ಣೆ ಹಡಗು ಗಾಯಗೊಂಡೇ ಮಾಲ್ಟಾ ಮುಟ್ಟಿತು. ನಮ್ಮ ನೈಜೀರಿಯಾದಲ್ಲಿ 52 ಮಂದಿ ಸತ್ತರು. ಹಡಗು ಮುಳುಗಲಿಲ್ಲ. ವಾಲಿಕೊಂಡೇ ಜಿಬ್ರಾಲ್ಟರ್‌ಗೆ ವಾಪಸ್ಸು ಬಂತು. ಅಮೆರಿಕದಲ್ಲಿ ದುರಸ್ತಿಯಾಗಿ ಮತ್ತೆ ಯುದ್ಧಕ್ಕೆ ಇಳಿದು, 1944ರಿಂದ ನಮ್ಮ ಹಿಂದೂ ಮಹಾಸಾಗರದಲ್ಲೇ ಓಡಾಡಿತು.

ಸ್ವಾತಂತ್ರ್ಯ ಬಂದ ಮೇಲೆ ಭಾರತ ಸರ್ಕಾರ 1954ರಲ್ಲಿ ಈ ಹಡಗನ್ನು ಕೊಂಡಿತು. ಬರ್ಕನ್‌ಹೆಡ್ ಎಂಬಲ್ಲಿ ಪೂರ್ತಿ ಹೊಸದಾಗಿ ರಿಪೇರಿ ಮಾಡಿಸಿ, 1957ರ ಆಗಸ್ಟ್ 29ರಂದು ‘ಐ.ಎನ್.ಎಸ್. ಮೈಸೂರು’ ಎಂದು ನಮ್ಮ ಧ್ವಜ ಏರಿಸಲಾಯಿತು.

ಈ ತಾರೀಖನ್ನು ನಮ್ಮ ಜಿಲ್ಲೆಯವರು ಸ್ವಲ್ಪ ಗಮನಿಸಬೇಕು. 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದವರು. ಅಂದು ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರು ರಾಜ್ಯಕ್ಕೆ ಬಂದವು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಶ್ರಮಕ್ಕೆ ಅಂದು ಫಲ ಬಂತು. ನಾವು ‘ಮೈಸೂರಿನವರು’ ಆಗಿ ಹತ್ತು ತಿಂಗಳು ತುಂಬುವುದರೊಳಗೆ ಆ ಹಡಗೂ ‘ಮೈಸೂರು’ ಆಯಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಎಂದಾಯಿತು, ಹಡಗಿನ ಹೆಸರು ಹಾಗೇ ಉಳಿಯಿತು. ಹಡಗಿನಲ್ಲಿ ಪಂಜಾಬಿನವರು, ಕೇರಳದವರು, ಬಿಹಾರದವರು ನನ್ನನ್ನು “ಮೈಸೂರ್‌ವಾಲಾ” ಎಂದೇ ಕರೆಯುತ್ತಿದ್ದರು. ಮೈಸೂರು ಅರಮನೆಯನ್ನು ನಾನು ಅಲ್ಲಿಯವರೆಗೆ ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ.

1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆ ನಡೆದಾಗ ಈ ಹಡಗು ನಮ್ಮ ರಾಜ್ಯದ ಎದುರಿನಲ್ಲೇ ಕೆಲಸ ಮಾಡಿತು. ಕಾರವಾರದ ಎದುರು ಅಂಜದೀವ್ ದ್ವೀಪ ಇದೆ. ಅದು ಪೋರ್ಚುಗೀಸರ ಕೈಯಲ್ಲಿತ್ತು. ಡಿಸೆಂಬರ್ 18ರಂದು ‘ತ್ರಿಶೂಲ’ ಹಡಗಿನಿಂದ ನಮ್ಮ ನಾವಿಕರು ದೋಣಿಗಳಲ್ಲಿ ದಡಕ್ಕೆ ಹೋದರು. ದ್ವೀಪದಲ್ಲಿ ಬಿಳಿ ಬಾವುಟ ಕಂಡಿತ್ತು. ಹತ್ತಿರ ಹೋದ ಮೇಲೆ ಗುಂಡು ಬಂತು. ಏಳು ಜನ ನಾವಿಕರು ಪ್ರಾಣ ಕೊಟ್ಟರು. ತ್ರಿಶೂಲ, ಮೈಸೂರು ಎರಡೂ ತೋಪಿನಿಂದ ಬೆಂಬಲ ಕೊಟ್ಟವು. ಮರುದಿನ ದ್ವೀಪ ಶರಣಾಯಿತು. ಇಂದು ಆ ದ್ವೀಪ ಕಾರವಾರದ ‘ಕದಂಬ’ ನೌಕಾನೆಲೆಯ ಭಾಗ.

1971ರ ಯುದ್ಧದಲ್ಲಿ ಮೈಸೂರು ಪಶ್ಚಿಮ ನೌಕಾದಳದ ಮುಖ್ಯ ಹಡಗು. ರಿಯರ್ ಅಡ್ಮಿರಲ್ ಇ.ಸಿ. ಕುರುವಿಲ್ಲಾ ಅವರ ಧ್ವಜ ಅದರ ಮೇಲೆ ಹಾರುತ್ತಿತ್ತು. ಡಿಸೆಂಬರ್ 4ರ ರಾತ್ರಿ ನಮ್ಮ ಚಿಕ್ಕ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ದಾಳಿ ಮಾಡಿದ್ದನ್ನು ನೀವು ಪುಸ್ತಕದಲ್ಲಿ ಓದಿದ್ದೀರಿ. ಡಿಸೆಂಬರ್ 9ರಂದು ದೀವ್ ಹತ್ತಿರ ನಮ್ಮ ‘ಖುಕ್ರಿ’ ಹಡಗನ್ನು ಪಾಕಿಸ್ತಾನದ ಜಲಾಂತರ್ಗಾಮಿ ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರೂ ಸೇರಿ 18 ಅಧಿಕಾರಿಗಳು, 176 ನಾವಿಕರು ಹಡಗಿನೊಂದಿಗೆ ಹೋದರು. ನಾನು ಆಗ ಈ ಶಾಲೆಯಲ್ಲಿ ಎಂಟನೆಯ ತರಗತಿ. ಪಂಚಾಯತಿ ರೇಡಿಯೋದಲ್ಲಿ ಕೇಳಿದ ಸುದ್ದಿ. ಆರು ವರ್ಷಕ್ಕೆ ಆ ಯುದ್ಧದಲ್ಲಿದ್ದವರ ಜೊತೆ ಪಾಳಿ ಮಾಡುತ್ತೇನೆಂದು ಯಾರಿಗೆ ಗೊತ್ತಿತ್ತು?

ನಾನು ಸೇರುವ ಹೊತ್ತಿಗೆ ಹಡಗಿಗೆ ವಯಸ್ಸಾಗಿತ್ತು. ಎಳೆಯ ಕೆಡೆಟ್‌ಗಳಿಗೆ ತರಬೇತಿ ಕೊಡುವ ಹಡಗಾಗಿತ್ತು. ಆದರೆ ಬಾಯ್ಲರಿಗೆ ವಯಸ್ಸು ಕೇಳುವಂತಿಲ್ಲ. ಬೆಂಕಿ ಹಾಕಿದರೆ ಉಗಿ ಬರಲೇಬೇಕು.

ಅದು ಹೇಗೆ ನಡೆಯುತ್ತಿತ್ತು ಎಂದು ಮಕ್ಕಳಿಗೆ ಹೇಳುತ್ತೇನೆ. ಅನ್ನದ ಪಾತ್ರೆಯ ಮುಚ್ಚಳವನ್ನು ಉಗಿ ಎತ್ತುವುದನ್ನು ನೋಡಿದ್ದೀರಿ. ಹಳೆಯ ಉಗಿ ಹಡಗುಗಳಲ್ಲಿ, ರೈಲಿನಲ್ಲಿ, ಆ ಎತ್ತುವ ಬಲದಿಂದ ಪಿಸ್ಟನ್ ಹಿಂದೆ ಮುಂದೆ ಹೋಗುತ್ತಿತ್ತು. ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ ಎಂಬ ಎಂಜಿನಿಯರ್ ಬೇರೆ ದಾರಿ ಹಿಡಿದ. ಜಾತ್ರೆಯಲ್ಲಿ ಮಾರುವ ಕಾಗದದ ಗಿರಗಿಟ್ಲೆಗೆ ಗಾಳಿ ಊದಿದಂತೆ, ಉಕ್ಕಿನ ಸಾವಿರಾರು ಎಸಳುಗಳ ಮೇಲೆ ಉಗಿ ಬಿಟ್ಟು ತಿರುಗಿಸಿದ. ಅದೇ ಟರ್ಬೈನ್. 1897ರಲ್ಲಿ ವಿಕ್ಟೋರಿಯಾ ರಾಣಿಯ ಉತ್ಸವದ ನೌಕಾ ಮೆರವಣಿಗೆಯ ನಡುವೆ ‘ಟರ್ಬೀನಿಯಾ’ ಎಂಬ ತನ್ನ ಚಿಕ್ಕ ಹಡಗನ್ನು ನುಗ್ಗಿಸಿದ. ಅದನ್ನು ಹಿಡಿಯಲು ನೌಕಾಪಡೆಯ ಯಾವ ದೋಣಿಗೂ ಆಗಲಿಲ್ಲ. ಅಲ್ಲಿಂದ ಮುಂದೆ ದೊಡ್ಡ ಯುದ್ಧನೌಕೆಗಳಿಗೆಲ್ಲ ಟರ್ಬೈನ್ ಬಂತು. ಮೈಸೂರು ಹಡಗು ಆ ವಂಶದ್ದು.

ನಮ್ಮ ಬಾಯ್ಲರಿಗೆ ಕಲ್ಲಿದ್ದಲು ಬೇಡ. ಕಪ್ಪು, ದಪ್ಪ ಫರ್ನೇಸ್ ಎಣ್ಣೆಯನ್ನು ಕಾಯಿಸಿ ಸ್ಪ್ರೇಯರಿನಿಂದ ಸಿಂಪಡಿಸಿ ಉರಿಸುತ್ತಿದ್ದೆವು. ಬಾಯ್ಲರ್ ರೂಮಿಗೆ ಒಂದರ ಹಿಂದೆ ಒಂದು ಎರಡು ಬಾಗಿಲು. ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದು ತೆಗೆಯಬೇಕು. ಯಾಕೆಂದರೆ ಒಳಗೆ ದೊಡ್ಡ ಪಂಖಗಳು ಗಾಳಿಯನ್ನು ಒತ್ತಿ ತುಂಬುತ್ತಿದ್ದವು. ಒಳಗೆ ಕಾಲಿಟ್ಟರೆ ಕಿವಿ ಗುಂಯ್ ಎನ್ನುತ್ತಿತ್ತು. ನಮ್ಮ ಏಪ್ರಿಲ್ ತಿಂಗಳ ಬಿಸಿಲು ಕಂಡವನಿಗೂ ಆ ಸೆಕೆ ಹೊಸದು. ಬೆವರಿ ಬೆವರಿ ಅಂಗಿಯ ಮೇಲೆ ಬಿಳಿ ಉಪ್ಪು ಕೂರುತ್ತಿತ್ತು.

ಇನ್ನು ಅವ್ವ ಕೇಳಿದ ನೀರಿನ ವಿಷಯ. ಬಾಯ್ಲರಿಗೆ ಸಮುದ್ರದ ನೀರು ಹಾಕಿದರೆ ಉಪ್ಪು ಕಟ್ಟಿ ಕೊಳವೆ ಹಾಳಾಗುತ್ತವೆ. ಅದಕ್ಕೆ ಇವಾಪೊರೇಟರ್ ಎಂಬ ಯಂತ್ರದಲ್ಲಿ ಸಮುದ್ರದ ನೀರು ಕಾಯಿಸಿ, ಉಗಿ ತಣಿಸಿ, ಸಿಹಿನೀರು ಮಾಡಬೇಕು. ಟರ್ಬೈನ್ ತಿರುಗಿಸಿ ಬಂದ ಉಗಿಯನ್ನೂ ಬಿಡುವಂತಿಲ್ಲ. ಕಂಡೆನ್ಸರಿನಲ್ಲಿ ತಣಿಸಿ, ಅದೇ ನೀರನ್ನು ಮತ್ತೆ ಬಾಯ್ಲರಿಗೆ ಕಳಿಸಬೇಕು. ಮಾಡಿದ ನೀರು ಮೊದಲು ಬಾಯ್ಲರಿಗೆ, ಉಳಿದದ್ದು ಕುಡಿಯಲು, ಅಡುಗೆಗೆ, ಕಡೆಗೆ ಸ್ನಾನಕ್ಕೆ. ಎಷ್ಟೋ ದಿನ ಒಂದು ಬಕೆಟ್ಟಿನಲ್ಲಿ ಸ್ನಾನ, ಬಟ್ಟೆ ಎರಡೂ ಮುಗಿಸುತ್ತಿದ್ದೆವು. ಉಳಿದವರು ಗೊಣಗುತ್ತಿದ್ದರು. ನನಗೆ ಅದು ಕಷ್ಟವಾಗಲಿಲ್ಲ, ನಾನು ಔರಾದಿನವನು. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದವರು ನೆಲದ ಕೆಳಗೆ ಸುರಂಗ ಕೊರೆದು ಹನಿ ಹನಿ ನೀರು ತಂದದ್ದನ್ನು ನೋಡಿದರೆ, ನಮ್ಮ ಹಿರಿಯರಿಗೂ ನೀರಿನ ಲೆಕ್ಕ ಗೊತ್ತಿತ್ತು ಎನ್ನಿಸುತ್ತದೆ.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಇದನ್ನು ನನ್ನ ಹೆಂಡತಿ ಮಕ್ಕಳಿಗೂ ಬಹಳ ವರ್ಷ ಹೇಳಿರಲಿಲ್ಲ.

ಬಾಯ್ಲರಿನ ಮುಂದೆ ಗೇಜ್ ಗ್ಲಾಸ್ ಎಂಬ ಗಾಜಿನ ಕೊಳವೆ ಇರುತ್ತದೆ. ಒಳಗೆ ನೀರು ಎಷ್ಟಿದೆ ಎಂದು ಅದರಲ್ಲಿ ಕಾಣುತ್ತದೆ. ನೀರು ಕಡಿಮೆಯಾದರೆ ಕೊಳವೆಗಳು ಕಾದು ಒಡೆಯುತ್ತವೆ. ಆಗ ಆ ಕೋಣೆಯಲ್ಲಿದ್ದವರು ಉಳಿಯುವುದಿಲ್ಲ. ಹೆಚ್ಚಾದರೆ ನೀರು ಉಗಿಯ ಜೊತೆ ಹೋಗಿ ಟರ್ಬೈನಿನ ಎಸಳು ಮುರಿಯುತ್ತದೆ. ಆ ಗಾಜಿನ ದಾರಿಯಲ್ಲಿ ಕಸ ಕಟ್ಟಿಕೊಂಡರೆ ಒಳಗಿನ ನೀರು ಇಳಿದರೂ ಗಾಜಿನಲ್ಲಿ ಹಳೆಯ ಮಟ್ಟವೇ ಕಾಣುತ್ತಿರುತ್ತದೆ. ಅದಕ್ಕೆ ಪ್ರತಿ ಪಾಳಿಯಲ್ಲೂ ಕೆಳಗಿನ ನಲ್ಲಿ ತೆಗೆದು ಗಾಜನ್ನು ಖಾಲಿ ಮಾಡಿ, ಮತ್ತೆ ತುಂಬುವುದನ್ನು ಕಣ್ಣಾರೆ ನೋಡಿ, ಲಾಗ್ ಪುಸ್ತಕದಲ್ಲಿ ಬರೆಯಬೇಕು.

ಒಂದು ರಾತ್ರಿ, ಹನ್ನೆರಡರಿಂದ ನಾಲ್ಕರ ಪಾಳಿ. ಆ ದಿನ ಊರಿನಿಂದ ಕಾಗದ ಬಂದಿತ್ತು. ಅಪ್ಪನಿಗೆ ಕಾಯಿಲೆ, ತಂಗಿಯ ಮದುವೆ ಗೊತ್ತಾಗಿದೆ, ಮನಿ ಆರ್ಡರ್ ಬೇಗ ಕಳಿಸು ಎಂದು. ನನ್ನ ಮನಸ್ಸು ಅಲ್ಲಿತ್ತು. ಗಾಜಿನಲ್ಲಿ ನೀರು ಸರಿಯಾಗಿಯೇ ಕಾಣುತ್ತಿತ್ತು. ನಲ್ಲಿ ಮುಟ್ಟದೆ “ಗ್ಲಾಸ್ ತೆಗೆದು ನೋಡಲಾಗಿದೆ” ಎಂದು ಬರೆದು ಸಹಿ ಹಾಕಿದೆ.

ಸ್ವಲ್ಪ ಹೊತ್ತಿಗೆ ನಮ್ಮ ಚೀಫ್ ಬಂದರು. ಮಲಬಾರಿನವರು, ಮಾತು ಕಡಿಮೆ. ಲಾಗ್ ನೋಡಿದರು, ನನ್ನ ಮುಖ ನೋಡಿದರು. ಏನೂ ಹೇಳದೆ ತಾವೇ ನಲ್ಲಿ ತೆಗೆದರು. ಗಾಜು ಖಾಲಿಯಾಯಿತು. ನಲ್ಲಿ ಮುಚ್ಚಿದರು. ನೀರು ಮೇಲೆ ಬರತೊಡಗಿತು, ಮೊದಲಿದ್ದ ಮಟ್ಟಕ್ಕೆ ಬರಲಿಲ್ಲ. ಬಹಳ ಕೆಳಗೆ, ಗಾಜಿನ ಬುಡದ ಹತ್ತಿರ ನಿಂತಿತು. ನನ್ನ ಕೈಕಾಲು ತಣ್ಣಗಾದವು. ಚೀಫ್ ಗಾಬರಿಯಾಗದೆ ನೀರು ಸರಿಮಾಡಿಸಿದರು. ಯಾರಿಗೂ ಏನೂ ಆಗಲಿಲ್ಲ.

ಆಮೇಲೆ ಲಾಗ್ ಪುಸ್ತಕ ನನ್ನ ಮುಂದೆ ಇಟ್ಟರು. ಹಿಂದಿಯಲ್ಲಿ ಹೇಳಿದರು: “ಆ ಸಾಲು ಹೊಡೆದು ಹಾಕು. ಕೆಳಗೆ ನಿಜ ಬರಿ.” ನಾನು ಅಳುತ್ತಾ, “ಚೀಫ್ ಸಾಬ್, ನೌಕರಿ ಹೋಗುತ್ತೆ, ಮನೆ ನಡೆಯೋದು ನನ್ನ ಪಗಾರದಿಂದ” ಅಂದೆ. ಅವರು, “ಮೇಲೆ ಎಂಟುನೂರು ಮಂದಿ ಮಲಗಿದ್ದಾರೆ. ಅವರಿಗೂ ಮನೆ ಇದೆ” ಅಂದರು. ನಾನು ಬರೆದೆ: ಗ್ಲಾಸ್ ನೋಡಿರಲಿಲ್ಲ, ಸುಳ್ಳು ಬರೆದಿದ್ದೆ. ನನಗೆ ಶಿಕ್ಷೆಯಾಯಿತು. ರಜೆ ಹೋಯಿತು. ತಂಗಿಯ ಮದುವೆಗೆ ಬರಲಿಲ್ಲ. ಊರಲ್ಲಿ “ಹಡಗು ದೂರ ಹೋಗಿದೆಯಂತೆ” ಎಂದು ತಿಳಿದುಕೊಂಡಿರಿ. ಆ ಹೊತ್ತಿಗೆ ಹಡಗು ಮುಂಬಯಿಯಲ್ಲೇ ನಿಂತಿತ್ತು. ತಂಗಿ ಇಲ್ಲೇ ಮುಂದೆ ಕೂತಿದ್ದಾಳೆ. ತಂಗೀ, ನಿಜ ಸಂಗತಿ ಇದು.

ಚೀಫ್ ನನ್ನನ್ನು ದೂರ ಮಾಡಲಿಲ್ಲ. ಮುಂದಿನ ಪಾಳಿಯೂ ಅವರ ಜೊತೆಯೇ. ಒಂದು ದಿನ 1971ರ ಮಾತು ತೆಗೆದರು. ಯುದ್ಧದ ರಾತ್ರಿಗಳಲ್ಲಿ ಕೆಳಗಿದ್ದವರಿಗೆ ಏನೂ ಕಾಣುತ್ತಿರಲಿಲ್ಲವಂತೆ. ಮೇಲಿನ ಮುಚ್ಚಳ ಬಿಗಿದಿರುತ್ತಿತ್ತು. ವೇಗ ಹೆಚ್ಚಿಸು, ಇಳಿಸು ಎಂಬ ಗಂಟೆ ಮಾತ್ರ. ಯಾಕೆ ಎಂದು ಕೇಳುವಂತಿಲ್ಲ. ಮೇಲಿನವರು ಕೆಳಗಿನವರನ್ನು ನಂಬಬೇಕು, ಕೆಳಗಿನವರು ಮೇಲಿನವರನ್ನು ನಂಬಬೇಕು. ಖುಕ್ರಿಯ ಎಂಜಿನ್ ರೂಮಿನಲ್ಲಿ ಅವರ ಗೆಳೆಯನಿದ್ದನಂತೆ. ಅಷ್ಟು ಹೇಳಿ ಸುಮ್ಮನಾದರು. ನಾನೂ ಮುಂದೆ ಕೇಳಲಿಲ್ಲ.

ಆ ರಾತ್ರಿ ನನಗೆ ಈ ಶಾಲೆ ನೆನಪಾಯಿತು. ನಮ್ಮ ವಿಜ್ಞಾನದ ಗುರುಗಳು ಶಾಲೆಯ ಹಿಂದೆ ಒಂದು ಮಳೆಮಾಪಕ ಇಟ್ಟಿದ್ದರು. ದಿನಾ ಬೆಳಿಗ್ಗೆ ನೋಡಿ ರಿಜಿಸ್ಟರಿನಲ್ಲಿ ಬರೆಯುವ ಕೆಲಸ ನನಗೆ ಕೊಟ್ಟಿದ್ದರು. ಬರಗಾಲದ ವರ್ಷ. ಮಳೆಯೇ ಇಲ್ಲ, ನೋಡುವುದೇನು ಎಂದು ವಾರದ ಸೊನ್ನೆಗಳನ್ನು ಒಂದೇ ದಿನ ಬರೆದುಬಿಡುತ್ತಿದ್ದೆ. ಒಂದು ನಸುಕಿನಲ್ಲಿ ನಾಲ್ಕು ಹನಿ ಬಿದ್ದಿತ್ತು. ನನ್ನ ಸೊನ್ನೆ ಮೊದಲೇ ಬರೆದಾಗಿತ್ತು. ಗುರುಗಳು ಮಾಪಕದ ನೀರು ಅಳೆದು, ನನ್ನ ಸೊನ್ನೆಯ ಪಕ್ಕ ಕೆಂಪು ಶಾಯಿಯಲ್ಲಿ 3 ಮಿ.ಮೀ. ಎಂದು ಬರೆದರು. ಹೊಡೆಯಲಿಲ್ಲ. “ಬರದಾಗ ಬಿದ್ದ ಮೂರು ಮಿಲಿಮೀಟರ್ ಮಳಿ ನೀ ಕಳದಿ ನೋಡು” ಅಂದರು. ಅದು ನನಗೆ ಆಗ ಅರ್ಥವಾಗಲಿಲ್ಲ. ಹಡಗಿನಲ್ಲಿ ಅರ್ಥವಾಯಿತು. ಗುರುಗಳು ಈಗ ನಮ್ಮೊಂದಿಗಿಲ್ಲ. ಇದ್ದಿದ್ದರೆ ಕಾಲಿಗೆ ಬಿದ್ದು ಹೇಳುತ್ತಿದ್ದೆ.

1985ರ ಆಗಸ್ಟ್ 20ರಂದು ಮೈಸೂರು ಹಡಗಿನ ಧ್ವಜ ಕೊನೆಯ ಬಾರಿ ಇಳಿಯಿತು. ಬ್ರಿಟಿಷರಲ್ಲಿ, ನಮ್ಮಲ್ಲಿ ಸೇರಿ 45 ವರ್ಷದ ಆಯುಷ್ಯ, ಅದರಲ್ಲಿ 28 ವರ್ಷ ನಮ್ಮ ದೇಶಕ್ಕೆ. ನಾನು ಆಗ ಬೇರೆ ಹಡಗಿನಲ್ಲಿದ್ದೆ. ಬಾಯ್ಲರ್ ಆರಿದ ಹಡಗನ್ನು ಒಮ್ಮೆ ದೂರದಿಂದ ನೋಡಿದೆ. ಚಿಮಣಿಯಲ್ಲಿ ಹೊಗೆ ಇಲ್ಲದ ಹಡಗು, ಒಲೆ ಹಚ್ಚದ ಮನೆಯಂತೆ. ಆಮೇಲೆ ಅದನ್ನು ಒಡೆದರು. ‘ವಿಕ್ರಾಂತ’ ಎಂಬ ವಿಮಾನವಾಹಕ ಹಡಗು ಮುಂಬಯಿಯಲ್ಲಿ ಕೆಲವು ಕಾಲ ವಸ್ತುಸಂಗ್ರಹಾಲಯವಾಗಿತ್ತು, ಅದೂ ಉಳಿಯಲಿಲ್ಲ. ಹೀಗೆ ಉಳಿದದ್ದನ್ನು ನೋಡಬೇಕೆಂದರೆ ಕಾರವಾರಕ್ಕೆ ಹೋಗಿ. ಅಲ್ಲಿನ ಟ್ಯಾಗೋರ್ ಕಡಲತೀರದಲ್ಲಿ ‘ಚಪಲ’ ಎಂಬ ಕ್ಷಿಪಣಿ ದೋಣಿಯನ್ನು ನೆಲದ ಮೇಲೆ ನಿಲ್ಲಿಸಿದ್ದಾರೆ, ಒಳಗೆ ಹೋಗಿ ನೋಡಬಹುದು. ಶಾಲೆಯವರು ಪ್ರವಾಸಕ್ಕೆ ಒಯ್ದರೆ ನಾನೂ ಬರುತ್ತೇನೆ.

ಹೆಸರು ಮಾತ್ರ ಅಳಿಯಲಿಲ್ಲ. ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ನಮ್ಮವರೇ ಕಟ್ಟಿದ ಹೊಸ ಐ.ಎನ್.ಎಸ್. ಮೈಸೂರು 1999ರ ಜೂನ್ 2ರಂದು ಸೇವೆಗೆ ಸೇರಿತು. ಹಳೆಯದು ಸಿ-60, ಹೊಸದು ಡಿ-60. ಅದಕ್ಕೆ ಉಗಿಯ ಬಾಯ್ಲರ್ ಇಲ್ಲ, ಗ್ಯಾಸ್ ಟರ್ಬೈನ್. ಅದರ ಲಾಂಛನದಲ್ಲಿ ಗಂಡಭೇರುಂಡ ಇದೆ. ಈ ಶಾಲೆಯಿಂದ ನನಗೆ ಕೊಟ್ಟ ಟಿ.ಸಿ.ಯ ಮೇಲಿನ ಸರ್ಕಾರಿ ಮುದ್ರೆಯಲ್ಲೂ ಅದೇ ಗಂಡಭೇರುಂಡ.

ಮಕ್ಕಳೆ, ಭಾಷಣ ಉದ್ದವಾಯಿತು. ಸುವರ್ಣ ಮಹೋತ್ಸವಕ್ಕೆ ಒಬ್ಬೊಬ್ಬರು ಒಂದೊಂದು ಕಾಣಿಕೆ ಕೊಟ್ಟಿದ್ದಾರೆ. ಯಾರೋ ಕಂಪ್ಯೂಟರ್ ಕೊಟ್ಟರು, ಯಾರೋ ನೀರಿನ ಟ್ಯಾಂಕ್ ಕಟ್ಟಿಸಿದರು. ಅವರಿಗೆ ಪುಣ್ಯ ಬರಲಿ. ನನ್ನದು ಚಿಕ್ಕದು. ಒಂದು ಮಳೆಮಾಪಕ ಮತ್ತು ಒಂದು ದಪ್ಪ ರಿಜಿಸ್ಟರ್ ತಂದಿದ್ದೇನೆ. ಹಳೆಯ ಮಾಪಕ ಇದ್ದ ಜಾಗದಲ್ಲೇ ಇಡಿಸಿರಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡಿದ್ದೇನೆ. ದಿನಾ ಬೆಳಿಗ್ಗೆ ಒಬ್ಬರು ಹೋಗಿ ನೋಡಿ ಬರೆಯಬೇಕು. ಮಳೆ ಬಾರದ ದಿನವೂ ಹೋಗಬೇಕು, ನೋಡಬೇಕು, ಆಮೇಲೆ ಸೊನ್ನೆ ಬರೆಯಬೇಕು. ಮೊದಲ ಪುಟದ ಮೊದಲ ಸಾಲನ್ನು ನಾಳೆ ಬೆಳಿಗ್ಗೆ ನಾನೇ ಬಂದು ಬರೆಯುತ್ತೇನೆ.